ಹೇಗ್ ಸಾಹೇಬನ ಕುದುರೆ

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ವೈಟ್‌ಹಾಲ್ ರಸ್ತೇಲಿ ಕುದುರೆ ಮೇಲೆ ಕೂತಿರೋ ಒಬ್ಬ ದಂಡನಾಯಕನ ಪ್ರತಿಮೆ ಇದೆ, ತಲೆ ಮೇಲೆ ಟೋಪಿ ಇಲ್ಲ. ಅದನ್ನ ಮಾಡೋವಾಗ್ಲೇ ಜಗಳ ಶುರುವಾಗಿತ್ತು, ಕುದುರೆ ಎಲ್ಲಾದ್ರೂ ಹಿಂಗೆ ನಿಲ್ಲುತ್ತೇನ್ರೀ ಅಂತ. ಅಂತೂ 1937ರಲ್ಲಿ ನಿಲ್ಲಿಸಿದ್ರು. ಅರವತ್ತು ವರ್ಷ ಕಳೆದ ಮೇಲೆ, 1998ರಲ್ಲಿ, ಅಲ್ಲಿನ ಒಂದು ದಿನಪತ್ರಿಕೆ ಈ ಪ್ರತಿಮೆನ ಕಿತ್ತೇ ಹಾಕಿ ಅಂತ ಬರೀತು. ಈ ಸಲ ಸಿಟ್ಟು ಕುದುರೆ ಮೇಲಲ್ಲ, ಸವಾರನ ಮೇಲೆ.

ಸವಾರ ಡಗ್ಲಸ್ ಹೇಗ್, ಮೊದಲ ಮಹಾಯುದ್ಧದ ಬ್ರಿಟಿಷ್ ದಂಡನಾಯಕ. 1861ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ್ದು, ವಿಸ್ಕಿ ಮಾಡೋ ಶ್ರೀಮಂತರ ಮನೆತನ. ಅಶ್ವದಳದ ಮನುಷ್ಯ, ಸುಡಾನ್ ನೋಡಿದ, ಬೋಯರ್ ಯುದ್ಧ ನೋಡಿದ, ಇಂಡಿಯಾದಲ್ಲೂ ಎರಡು ಸಲ ದೊಡ್ಡ ಹುದ್ದೇಲಿದ್ದ. ಮಾತು ಮಾತ್ರ ಬರ್ತಿರಲಿಲ್ಲ, ವಾಕ್ಯ ಶುರು ಮಾಡಿದ್ರೆ ಮುಗಿಸೋಕೆ ತಡಕಾಡ್ತಿದ್ದನಂತೆ. 1915ರ ಮಾರ್ಚಲ್ಲಿ ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ ನಮ್ಮ ಗಢ್‌ವಾಲಿ, ಗೂರ್ಖಾ ಸಿಪಾಯಿಗಳು ನುಗ್ಗಿದ್ರಲ್ಲ, ಅವರೆಲ್ಲ ಇವನ ಸೈನ್ಯದಡಿಯಲ್ಲೇ ಇದ್ದದ್ದು. ಅದೇ ವರ್ಷ ಡಿಸೆಂಬರಲ್ಲಿ ಅಲ್ಲಿನ ಇಡೀ ಬ್ರಿಟಿಷ್ ಸೈನ್ಯಕ್ಕೆ ಇವನೇ ಮುಖ್ಯಸ್ಥನಾದ.

ಆಮೇಲೆ ಬಂತು ನೋಡಿ ಫ್ರಾನ್ಸಿನ ಸೋಮ್ ನದಿ ಹತ್ರದ ಕದನ. 1916 ಜುಲೈ 1. ಅತ್ತ ವರ್ಡನ್‌ನಲ್ಲಿ ಫ್ರೆಂಚರು ನೆತ್ತರು ಸುರಿಸ್ತಿದ್ರು, ಬೇಗ ಏನಾದ್ರೂ ಮಾಡ್ರಪ್ಪಾ ಅಂತ ಒತ್ತಡ. ಹೇಗ್‌ನ ಕೆಳಗಿದ್ದ ಸೇನಾಧಿಕಾರಿ ರಾಲಿನ್ಸನ್, ಸ್ವಲ್ಪ ಸ್ವಲ್ಪ ಕಚ್ಚಿ ಹಿಡ್ಕೊಂಡು ಮುಂದೆ ಹೋಗೋಣ ಅಂದ. ಹೇಗ್‌ಗೆ ಒಂದೇ ಏಟಿಗೆ ಸೀಳಬೇಕಿತ್ತು, ಜರ್ಮನ್ನರ ಹಿಂದಿನ ಕಂದಕದ ಸಾಲುಗಳನ್ನೂ ಗುರಿಗೆ ಸೇರಿಸಿದ, ಹಂಗಾಗಿ ಇದ್ದ ತೋಪುಗಳ ಬಲ ಎಲ್ಲಾ ಕಡೆ ಹಂಚಿಹೋಯ್ತು. ಒಂದು ವಾರ 15 ಲಕ್ಷ ಶೆಲ್ ಹೊಡೆದ್ರೂ ಎಷ್ಟೋ ಸಿಡೀಲೇ ಇಲ್ಲ, ಮುಳ್ಳುತಂತಿ ಬೇಕಾದಷ್ಟು ಕಡೆ ಹಾಗೇ ಉಳೀತು, ಜರ್ಮನ್ನರು ಆಳದ ಸುರಂಗಗಳಿಂದ ಮೇಲೆ ಬಂದು ಮೆಷಿನ್ ಗನ್ ಹಿಡ್ಕೊಂಡ್ರು. ಆ ಒಂದೇ ದಿನ ಬ್ರಿಟಿಷ್ ಕಡೆ 57,470 ಜನ ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸತ್ತವರೇ 19,240. ಒಂದೇ ಊರಿನ ಗೆಳೆಯರು ಒಟ್ಟಿಗೆ ಸೇರಿದ್ದ ಬೆಟಾಲಿಯನ್‌ಗಳಿದ್ವು, ಹಂಗಾಗಿ ಒಂದೊಂದು ಊರಲ್ಲಿ ಬೀದಿಬೀದಿಗೇ ಸೂತಕ.

ಕುದುರೆ ಮೋಹದ ಹಳೇ ಕಾಲದವನು ಅಂತ ಅವನನ್ನ ಆಡ್ಕೋತಾರೆ, ನಂಗೆ ಅದು ಪೂರ್ತಿ ಸರಿ ಅನ್ಸಲ್ಲ. ಅದೇ ಸೆಪ್ಟೆಂಬರಲ್ಲಿ ಟ್ಯಾಂಕ್ ಮೊದಲ ಸಲ ರಣರಂಗಕ್ಕೆ ಇಳಿದಾಗ, ಅರ್ಧದಷ್ಟು ದಾರೀಲೇ ಕೆಟ್ಟು ನಿಂತ್ರೂ, ಇಂಥದ್ದು ಇನ್ನೂ ಸಾವಿರ ಬೇಕು ಅಂತ ಬರೆದು ಕಳಿಸಿದವನು ಇವನೇ. ಆದ್ರೆ 1917ರಲ್ಲಿ ಬೆಲ್ಜಿಯಮ್ಮಿನ ಪ್ಯಾಶೆಂಡೇಲ್‌ನಲ್ಲಿ ನಡೆದ ಕದನಕ್ಕೆ ನನ್ ಹತ್ರ ಸಮಾಧಾನ ಇಲ್ಲ. ಸೋಮ್ ಆದ್ಮೇಲೂ, ಅಕ್ಟೋಬರ್ ಮಳೇಲಿ, ಮನುಷ್ಯರು ಕೆಸರಲ್ಲಿ ಮುಳುಗಿ ಸಾಯ್ತಿರೋವಾಗ್ಲೂ ದಾಳಿ ನಿಲ್ಲಿಸಲಿಲ್ಲವಲ್ಲ, ಅದು ಹಟ, ಬೇರೇನಲ್ಲ.

ಪ್ರಧಾನಿ ಲಾಯ್ಡ್ ಜಾರ್ಜ್‌ಗೆ ಇವನನ್ನ ಕಂಡ್ರಾಗ್ತಿರಲಿಲ್ಲ, ಆದ್ರೂ ತೆಗೆದುಹಾಕೋ ಧೈರ್ಯ ಬರ್ಲಿಲ್ಲ, ಹೇಗ್ ಸತ್ತ ಮೇಲೆ ಆತ್ಮಕಥೆಯ ಸಂಪುಟ ಸಂಪುಟದಲ್ಲಿ ಜಾಡಿಸಿದ. ಅಷ್ಟೊತ್ತಿಗೆ ಉತ್ತರ ಕೊಡೋಕೆ ಆಸಾಮಿಯೇ ಇಲ್ಲ!

1918ರ ಮಾತೇ ಬೇರೆ. ಮಾರ್ಚಲ್ಲಿ ಜರ್ಮನ್ನರು ಅಟ್ಟಿಸ್ಕೊಂಡು ಬಂದ್ರು, ಆಗಸ್ಟ್ 8ಕ್ಕೆ ಆಮಿಯೆನ್ಸ್ ಹತ್ರ ತೋಪು, ಟ್ಯಾಂಕು, ವಿಮಾನ ಎಲ್ಲ ಒಟ್ಟಿಗೆ ಹೂಡಿ ಇವರು ತಿರುಗಿ ಬಿದ್ರು, ನವೆಂಬರ್ 11ಕ್ಕೆ ಯುದ್ಧವೇ ಮುಗೀತು. ಅವನ ಪರ ಮಾತಾಡೋ ಇತಿಹಾಸಕಾರರು ತೋರಿಸೋದು ಈ ನೂರು ದಿನಾನೇ, ಸೈನ್ಯ ಕಲೀತು ನೋಡಿ ಅಂತಾರೆ. ಕಲೀತು ಸರಿ, ಫೀಸು ಕಟ್ಟಿದ್ಯಾರು?

ವಿಚಿತ್ರ ಅಂದ್ರೆ ಫೀಸು ಕಟ್ಟಿದವರಲ್ಲಿ ಬದುಕುಳಿದವರು ಅವನನ್ನ ಅಷ್ಟೇನೂ ದ್ವೇಷಿಸಲಿಲ್ಲ. ಯುದ್ಧ ಮುಗಿದ ಮೇಲೆ ಕೈಕಾಲು ಕಳ್ಕೊಂಡ ಸಿಪಾಯಿಗಳಿಗೋಸ್ಕರ ಊರೂರು ಅಲೆದ, 1928ರಲ್ಲಿ ತೀರಿಕೊಂಡಾಗ ಹಳೇ ಸೈನಿಕರು ಮೆರವಣಿಗೇಲಿ ಹಿಂದೆ ನಡೆದ್ರು. ಸಮಾಧಿ ಕಲ್ಲೂ ಸಾಮಾನ್ಯ ಸಿಪಾಯಿಗೆ ಇಡೋ ಥರದ್ದೇ. ಬ್ರಿಟನ್ನಿನಲ್ಲಿ ನವೆಂಬರಲ್ಲಿ ಜನ ಯುದ್ಧದಲ್ಲಿ ಸತ್ತವರ ನೆನಪಿಗೆ ಎದೆಗೆ ಕೆಂಪು ಗಸಗಸೆ ಹೂವು ಸಿಕ್ಕಿಸ್ಕೋತಾರಲ್ಲ, ಅದರ ದುಡ್ಡು ಹೋಗ್ತಿದ್ದದ್ದು ಅವನ ಹೆಸರಿನ ನಿಧಿಗೆ, ಹೂವಿನ ನಡುವಿನ ಕಪ್ಪು ಗುಂಡಿ ಮೇಲೆ 'ಹೇಗ್ ಫಂಡ್' ಅಂತ ಅಚ್ಚು ಇರ್ತಿತ್ತು. 1994ರಲ್ಲಿ ಆ ಹೆಸರು ತೆಗೆದ್ರು. ಹೂವು ಈಗ್ಲೂ ಮಾರ್ತಾರೆ.

ನಮಸ್ಕಾರ.