ಸನ್ ಫಿಲ್ಮ್‌ ಗೀರುವುದು ಬಿಸಿಲಲ್ಲ, ದೂಳು: ದಾವಣಗೆರೆಯ ಬೇಸಿಗೆಯಲ್ಲಿ ಕಾರಿನ ಗಾಜು

ಎಲ್ಲರಿಗೂ ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ನಮ್ಮ ಕಾರಿನ ಹಿಂದಿನ ಎಡ ಬಾಗಿಲಿನ ಗಾಜು. ಕ್ಯಾಮೆರಾ ಹಿಡಿದಿರುವವನು ನನ್ನ ತಮ್ಮ. ಬೆಳಕು ಓರೆಯಾಗಿ ಬಿದ್ದಾಗ ನೋಡಿ, ಗಾಜಿನ ನಡುಭಾಗದಲ್ಲಿ ಬಾಗಿದ ಸಣ್ಣ ಗೀರುಗಳು, ಒಂದರ ಮೇಲೊಂದು. ಉಗುರು ಆಡಿಸಿದರೆ ಕೈಗೆ ತಿಳಿಯುತ್ತದೆ. ಗಾಜಿಗೆ ಏನೂ ಆಗಿಲ್ಲ. ಬಿಸಿಲು ತಡೆಯಲು ಒಳಬದಿಗೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ, ಅಂದರೆ ಸನ್ ಫಿಲ್ಮ್‌ ಹಾಳಾಗಿದೆ.

ಬೇಸಿಗೆಯಲ್ಲಿ ಫಿಲ್ಮ್‌ ಕೆಟ್ಟರೆ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಬಿಸಿಲು ಬಣ್ಣ ಮಾಸಿಸುತ್ತದೆ, ಅಗ್ಗದ ಫಿಲ್ಮ್‌ ಆದರೆ ನೇರಳೆಗೆ ತಿರುಗಿಸುತ್ತದೆ, ಗುಳ್ಳೆ ಎಬ್ಬಿಸುತ್ತದೆ. ಗೀರುವುದು ಮಾತ್ರ ದೂಳು. ಬಿಸಿಲಿನ ಪಾತ್ರ ಇಷ್ಟೇ: ನೀವು ಚಿಮುಕಿಸಿದ ನೀರನ್ನು ಒರೆಸುವ ಮೊದಲೇ ಆರಿಸಿಬಿಡುತ್ತದೆ. ಆಮೇಲೆ ನೀವು ಉಜ್ಜುವುದು ಒಣ ದೂಳನ್ನೇ.

ಈ ಗೀರು ಬಿದ್ದದ್ದು ಒಂದು ವಾಟರ್ ಸರ್ವೀಸ್ ಅಂಗಡಿಯಲ್ಲಿ. ಹೆಸರು ಬೇಡ. ಕಾರಿಗೆ ನೀರು ಹೊಡೆದದ್ದು ಚೆನ್ನಾಗಿಯೇ ಇತ್ತು. ಆಮೇಲೆ ಅಲ್ಲಿನ ಹುಡುಗ ಭುಜದ ಮೇಲಿದ್ದ ಬಟ್ಟೆ ತೆಗೆದು ಬಾಗಿಲಿನ ಕೆಳಗಿನ ಪಟ್ಟಿ ಒರೆಸಿದ. ಅದೇ ಬಟ್ಟೆಯಿಂದ ಕಾಲಿಡುವ ಜಾಗ ಒರೆಸಿದ. ನಾನು ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಅದೇ ಬಟ್ಟೆ ಒಳಗಿನ ಗಾಜಿನ ಮೇಲೆ ಗರಗರ ಸುತ್ತುತ್ತಿತ್ತು. "ನಿಲ್ಲಿಸಪ್ಪಾ" ಎಂದು ಕೂಗಿದೆ. "ಹೊಳಪು ಬರುತ್ತದೆ ಅಕ್ಕಾ, ಇರಿ" ಎಂದ. ಅಂಗಡಿಯವರನ್ನು ಕೇಳಿದರೆ, "ಅದು ಮೊದಲೇ ಇತ್ತೇನೋ ನೋಡಿ ಮೇಡಂ" ಎಂದರು. ಬೆಳಗ್ಗೆ ತೆಗೆದ ವಿಡಿಯೊ ನನ್ನ ಮೊಬೈಲ್‌ನಲ್ಲಿತ್ತು, ತೋರಿಸಿದೆ. ತೊಳೆಯಲು ಕೊಟ್ಟ 400 ರೂಪಾಯಿಯಲ್ಲಿ 100 ವಾಪಸ್ ಕೊಡುತ್ತೇವೆ ಎಂದರು. ಒಂದು ಬಾಗಿಲಿನ ಫಿಲ್ಮ್‌ ಬದಲಿಸಲು ಟಿಂಟ್ ಅಂಗಡಿಯಲ್ಲಿ ಕೇಳಿದ್ದು 1,100 ರೂಪಾಯಿ! ಫಿಲ್ಮ್‌ಗೆ ಬಿದ್ದ ಗೀರನ್ನು ಪಾಲಿಶ್ ಹೊಡೆದು ಅಳಿಸಲು ಬರುವುದಿಲ್ಲ, ತೇಪೆ ಹಾಕಲೂ ಬರುವುದಿಲ್ಲ. ಇಡೀ ಹಾಳೆ ಕಿತ್ತು, ಉಳಿದ ಅಂಟನ್ನೆಲ್ಲ ತೆಗೆದು, ಹೊಸದು ಹಾಕಬೇಕು. ಹೊಸ ಹಾಳೆಯ ಬಣ್ಣ ಹಳೆಯ ಮೂರಕ್ಕೆ ಹೊಂದುವುದೂ ಅನುಮಾನ.

ಆ ಹುಡುಗನ ಮೇಲೆ ಅವತ್ತು ತುಂಬಾ ಕೋಪ ಬಂದಿತ್ತು. ಈಗ ಇಲ್ಲ. ಅಂಥ ಬಿಸಿಲಿನಲ್ಲಿ ದಿನವಿಡೀ ನಿಂತು ದುಡಿಯುವವನಿಗೆ ಗಾಜಿಗೆ ಒಂದು, ಕಾರಿನ ಮೈಗೆ ಒಂದು ಬಟ್ಟೆ ಕೊಡಬೇಕಾದವರು ಅಂಗಡಿಯವರು. ತಪ್ಪು ಅವರದು.

ಈ ಗೀರುಗಳನ್ನು ಓದುವುದು ಕಲಿತುಕೊಳ್ಳಿ. ಬಾಗಿದ ಗೀರಾದರೆ ಬಟ್ಟೆಯ ಕೆಲಸ. ಮೇಲಿಂದ ಕೆಳಕ್ಕೆ ನೆಟ್ಟಗೆ ಎಳೆದ ಗೆರೆಯಾದರೆ ಬಾಗಿಲಿನಲ್ಲಿ ಗಾಜು ಜಾರುವ ಸಂದಿಯ ರಬ್ಬರ್ ಪಟ್ಟಿಯಲ್ಲಿ, ಅಂದರೆ ಬೀಡಿಂಗ್‌ನಲ್ಲಿ ಕಣ ಸಿಕ್ಕಿಕೊಂಡಿದೆ ಎಂದೇ ಅರ್ಥ. ಗಾಜು ಏರಿ ಇಳಿದಾಗಲೆಲ್ಲ ಆ ಕಣ ಫಿಲ್ಮ್‌ ಅನ್ನು ಕೊರೆಯುತ್ತದೆ. ಮುಂದಿನ ಬಲ ಬಾಗಿಲು ನೋಡಿ, ಅಂಚಿನಲ್ಲಿ ಎರಡು ನೇರ ಗೆರೆ. ಟೋಲ್‌ನಲ್ಲಿ, ಪಾರ್ಕಿಂಗ್‌ನಲ್ಲಿ ಹೆಚ್ಚು ಇಳಿಸುವುದು ಇದೇ ಗಾಜನ್ನು.

ನಮ್ಮ ಊರಿನ ದೂಳು ಬರೀ ಮಣ್ಣಲ್ಲ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇರುವವರಿಗೆ ನಾನು ಹೇಳಬೇಕಾಗಿಲ್ಲ, ಬೆಳಗಾದರೆ ಒಣಗಲು ಹಾಕಿದ ಬಟ್ಟೆಯ ಮೇಲೆ ಕರಿ ಬೂದಿ. ಭಟ್ಟಿಯಲ್ಲಿ ಉರಿಸುವ ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಗಾಜು ಮಾಡುವುದೂ ಸಿಲಿಕಾದಿಂದಲೇ. ಫಿಲ್ಮ್‌ ಎಂಬುದು ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಮೇಲೆ ಗಟ್ಟಿ ಲೇಪ ಇದ್ದರೂ ಈ ಬೂದಿಯನ್ನು ಒಣಗಿದ್ದಾಗ ಉಜ್ಜಿದರೆ ಮರಳುಕಾಗದ ಉಜ್ಜಿದಂತೆಯೇ. ಹಾಗೆಂದು ಭಟ್ಟಿಗಳ ಮೇಲೆ ನನಗೆ ದ್ವೇಷವಿಲ್ಲ. ಬಿಸಿ ಮಂಡಕ್ಕಿಗೆ ಖಾರ ಹಚ್ಚಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ತಿನ್ನುವ ಸಂಜೆಯನ್ನು ಯಾವ ಕಾರಿಗಾಗಿಯೂ ಬಿಟ್ಟುಕೊಡುವುದಿಲ್ಲ. ಆದರೆ ಅಲ್ಲಿ ದುಡಿಯುವವರ ಎದೆಗೂ ಇದೇ ಹೊಗೆ ಹೋಗುತ್ತದೆ, ಅದಕ್ಕೊಂದು ದಾರಿ ಆಗಲೇಬೇಕು, ಅಲ್ಲಿ... ಸರಿ, ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಬಂತು, ಶಾಟ್ ಬದಲಾಯಿತು.

ಇದು ಪಂಕ್ಚರ್ ಅಂಗಡಿ. ನಾವು ಚಕ್ರಕ್ಕೆ ಗಾಳಿ ಹಾಕಿಸಲು ಬಂದಿಲ್ಲ. ಗಾಜು ಪೂರ್ತಿ ಇಳಿಸಿ, ಬೀಡಿಂಗ್ ಸಂದಿಗೆ ಕಂಪ್ರೆಸರ್ ಗಾಳಿ ಹೊಡೆಸುತ್ತಿದ್ದೇವೆ. ಆ ದೂಳು ಎದ್ದದ್ದು ನೋಡಿದಿರಾ! ಯಜಮಾನರು ದುಡ್ಡು ಬೇಡ ಎಂದರು, ನಾವು 20 ರೂಪಾಯಿ ಇಟ್ಟು ಬಂದೆವು. ಗಾಳಿ ಹೊಡೆಸಿದ ಮೇಲೆ ಒದ್ದೆ ಬ್ರಷ್‌ನಿಂದ ಒಂದು ಸಲ ಸಂದಿಯಲ್ಲಿ ಎಳೆದರೆ ಸಾಕು.

ಈಗ ಕುಂದುವಾಡ ಕೆರೆಯ ಹತ್ತಿರ, ಮರದ ನೆರಳು. ಹಿಂದೆ ಕಾಣುವುದು ಗಾಜಿನ ಮನೆ. ಅಷ್ಟು ಗಾಜನ್ನು ಈ ಬಿಸಿಲಿನಲ್ಲಿ ಒರೆಸುವವರಿಗೆ ನನ್ನ ನಮಸ್ಕಾರ. ಕಾರನ್ನು ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟಿದ್ದೇವೆ. ಅಂಗೈ ಇಟ್ಟಾಗ ಗಾಜು ತಣ್ಣಗೆ ಅನ್ನಿಸುವವರೆಗೂ ಬಟ್ಟೆ ಮುಟ್ಟಬೇಡಿ.

ಈ ಕ್ಯಾನ್‌ನಲ್ಲಿರುವುದು ಶುದ್ಧ ನೀರಿನ ಘಟಕದ ನೀರು. ಬೋರ್‌ವೆಲ್ ನೀರು ಬೇಡ. ಆರಿದ ಮೇಲೆ ಉಳಿಯುವ ಬಿಳಿ ಚುಕ್ಕೆ ಉಪ್ಪಿನದು, ಅದನ್ನು ಕೆರೆಯಲು ಹೋಗಿಯೇ ಎಷ್ಟೋ ಫಿಲ್ಮ್‌ ಗೀರಿವೆ. ನೀರಿಗೆ ಎರಡು ಹನಿ ಮಕ್ಕಳ ಶಾಂಪೂ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಅದು ಫಿಲ್ಮ್‌ನ ಬಣ್ಣವನ್ನೂ ಅಂಟನ್ನೂ ಕೆಡಿಸುತ್ತದೆ. ಹಳೆಯ ದಿನಪತ್ರಿಕೆಯೂ ಬೇಡ. ನಮ್ಮ ತಂದೆ ಮನೆಯ ಕನ್ನಡಿಗೆ ಅದನ್ನೇ ಬಳಸುತ್ತಾರೆ, ಕನ್ನಡಿಗೆ ಸರಿ. ಫಿಲ್ಮ್‌ಗೆ ಮೈಕ್ರೋಫೈಬರ್ ಬಟ್ಟೆ, ಅದೂ ಎರಡು: ಒಂದು ಒದ್ದೆ, ಒಂದು ಒಣ. ಸುತ್ತಿಸಬೇಡಿ, ಮೇಲಿಂದ ಕೆಳಕ್ಕೆ ಎಳೆಯಿರಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ತೆಗೆಯಿರಿ. ಬಟ್ಟೆ ನೆಲಕ್ಕೆ ಬಿದ್ದರೆ ಅದರ ಕೆಲಸ ಮುಗಿಯಿತು, ಒಗೆದ ಮೇಲೆಯೇ ಮತ್ತೆ ಗಾಜಿಗೆ.

ಹೀರುಬಟ್ಟಲಿನಿಂದ (ಸಕ್ಷನ್ ಕಪ್) ಗಾಜಿಗೆ ಅಂಟಿಸುವ ಜಾಲರಿ ಪರದೆಗಳನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಬಿಸಿಗೆ ಆ ಬಟ್ಟಲು ಫಿಲ್ಮ್‌ ಮೇಲೆ ಉಂಗುರದ ಗುರುತು ಬಿಡುತ್ತದೆ, ಕೀಳುವಾಗ ಫಿಲ್ಮ್‌ ಅನ್ನೇ ಎಳೆಯುತ್ತದೆ. ಆದರೆ ಅಕ್ಕನ ಮಗು ಹಿಂದಿನ ಸೀಟಿನಲ್ಲಿ ಚಿತ್ರದುರ್ಗದವರೆಗೂ ಬಿಸಿಲಿಗೆ ಮುಖ ಕಿವುಚಿಕೊಂಡು ಕುಳಿತಿತ್ತು. ಮಗು ಇದ್ದರೆ ಪರದೆ ಬೇಕೇ ಬೇಕು. ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಬಗೆಯದು ತನ್ನಿ, ಗಾಜಿಗೆ ಅಂಟುವುದಲ್ಲ. ಇನ್ನೂ ಕಪ್ಪು ಫಿಲ್ಮ್‌ ಹಾಕಿಸಿ ಎಂದು ಮಾತ್ರ ಯಾರೂ ಹೇಳಬೇಡಿ. 2012ರಲ್ಲೇ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್‌ಗೆ ತಡೆ ಹಾಕಿದೆ. ಬದಿಯ ಗಾಜು ಕನಿಷ್ಠ ಶೇ. 50, ಮುಂದಿನದು ಹಿಂದಿನದು ಶೇ. 70 ಬೆಳಕು ಬಿಡಲೇಬೇಕು. ನಮ್ಮದು ಆ ಮಿತಿಯೊಳಗಿನ ತಿಳಿ ಫಿಲ್ಮ್‌.

ಗೀರು ಬಿದ್ದ ಹಾಳೆ ಬದಲಿಸಿದ ಟಿಂಟ್ ಅಂಗಡಿಯ ಕೆಲಸದ ವಿಡಿಯೊವನ್ನು ವೇಗವಾಗಿ ಓಡಿಸಿದ್ದೇನೆ, ನೀವೇ ನೋಡುತ್ತಿದ್ದೀರಿ. ಒಂದು ಮಾತು ಮಾತ್ರ. ಬೀಡಿಂಗ್‌ಗೆ ಸಿಲಿಕೋನ್ ಸ್ಪ್ರೇ ಹಾಕಿದರೆ ಗಾಜು ಸಲೀಸಾಗಿ ಓಡುತ್ತದೆ, ಎಣ್ಣೆ ಗ್ರೀಸ್‌ನಂತೆ ದೂಳು ಹಿಡಿಯುವುದಿಲ್ಲ. ಆದರೆ ಹೊಸ ಫಿಲ್ಮ್‌ ಹಾಕಿಸುವ ಮೊದಲು ಹಾಕಬೇಡಿ. ಗಾಜಿಗೆ ತಾಗಿದರೆ ಅಂಟು ಕೂರುವುದಿಲ್ಲ.

ಹೊಸ ಹಾಳೆಯ ಒಳಗೆ ಮಂಜು ಮಂಜಾಗಿ ಕಾಣುವುದು ನೀರು, ಕೆಲವು ದಿನಗಳಲ್ಲಿ ಆರುತ್ತದೆ. ಬೆರಳಿನಿಂದ ಒತ್ತಬೇಡಿ. ಒಂದು ವಾರ ಈ ಗಾಜು ಇಳಿಸುವಂತಿಲ್ಲ. ಸ್ವಿಚ್ ಮೇಲೆ ಟೇಪ್ ಅಂಟಿಸಿದ್ದೇನೆ, ಆದರೂ ತಮ್ಮನ ಬೆರಳು ಅಲ್ಲಿಗೇ ಹೋಗುತ್ತಿದೆ, ನೋಡಿ. ಬೇಡ ಕಣೋ, ಎ.ಸಿ. ಹಾಕುತ್ತೇನೆ, ಕೈ ತೆಗೆ.