ಸರ್ಕಾರಿ ಅಭಿಯೋಜಕರು ಯಾರ ವಕೀಲರು?

ಶ್ರೋತೃಗಳಿಗೆ ನಮಸ್ಕಾರ.

ಮೈಸೂರಿನ ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿರುವ ನ್ಯಾಯಾಲಯದ ಆವರಣಕ್ಕೆ ಸಮನ್ಸ್ ಹಿಡಿದು ಮೊದಲ ಸಲ ಬರುವ ಸಾಕ್ಷಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ನಮ್ಮ ಲಾಯರು ಯಾರು?" ಎಂಬುದು. ಅವರನ್ನು ಕರೆತಂದ ಪೊಲೀಸ್ ಸಿಬ್ಬಂದಿ ಕಪ್ಪು ಕೋಟಿನ ಒಬ್ಬರನ್ನು ತೋರಿಸಿ "ನಮ್ಮ ಎ.ಪಿ.ಪಿ. ಸಾಹೇಬರು" ಎನ್ನುತ್ತಾರೆ. ಎ.ಪಿ.ಪಿ. ಎಂದರೆ ಸಹಾಯಕ ಸರ್ಕಾರಿ ಅಭಿಯೋಜಕರು. ಫಿರ್ಯಾದಿ ಅವರನ್ನು ತನ್ನ ವಕೀಲರೆಂದು ನಂಬುತ್ತಾನೆ, ಪೊಲೀಸರು ತಮ್ಮ ಇಲಾಖೆಯ ವಕೀಲರೆಂದು ಭಾವಿಸುತ್ತಾರೆ, ಆರೋಪಿಗಂತೂ ಅವರು ತನ್ನನ್ನು ಜೈಲಿಗೆ ಕಳುಹಿಸಲು ಸಂಬಳ ಪಡೆಯುವ ಮನುಷ್ಯ. ಕಾನೂನಿನ ದೃಷ್ಟಿಯಲ್ಲಿ ಈ ಮೂವರ ಎಣಿಕೆಯೂ ತಪ್ಪು. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಹೆಚ್ಚಾಗಿ ಆರೋಪಿಗಳ ಪರವಾಗಿಯೇ ವಕಾಲತ್ತು ವಹಿಸುತ್ತ ಬಂದ ನಾನು ಅಭಿಯೋಜಕರನ್ನು ಮೇಜಿನ ಈಚೆ ಬದಿಯಿಂದ ನೋಡಿದವನು. ಅವರ ಕೆಲಸವೇನು, ಅವರ ಹುದ್ದೆಗಳ ಶ್ರೇಣಿ ಹೇಗಿದೆ ಎಂಬುದನ್ನು ಹಾಗೆ ನೋಡಿದವನ ಮಾತಿನಲ್ಲೇ ಹೇಳುತ್ತೇನೆ.

ಅಪರಾಧ ನಡೆದಾಗ ನೊಂದವರು ಒಬ್ಬ ವ್ಯಕ್ತಿಯೇ ಆದರೂ ಪೊಲೀಸರು ಹೂಡಿದ ಮೊಕದ್ದಮೆಯನ್ನು ನಡೆಸುವುದು ರಾಜ್ಯ. ಆದ್ದರಿಂದಲೇ ಕಡತದ ಮೇಲೆ ಫಿರ್ಯಾದಿಯ ಹೆಸರಿಗೆ ಬದಲು "ಕರ್ನಾಟಕ ರಾಜ್ಯ, ಇಂಥ ಪೊಲೀಸ್ ಠಾಣೆಯ ಮೂಲಕ" ಎಂದು ಬರೆದಿರುತ್ತದೆ. ಆ ರಾಜ್ಯದ ಪರವಾಗಿ ನಿಲ್ಲುವವರು ಅಭಿಯೋಜಕರು. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದು ಅವರ ಕರ್ತವ್ಯವಲ್ಲ. ಲಭ್ಯವಿರುವ ಸಾಕ್ಷ್ಯವನ್ನೆಲ್ಲ, ಆರೋಪಿಗೆ ಅನುಕೂಲವಾಗುವುದನ್ನೂ ಬಚ್ಚಿಡದೆ, ನ್ಯಾಯಾಲಯದ ಮುಂದೆ ಇಡುವುದು ಅವರ ಹೊಣೆ. ಈ ಮಾತನ್ನು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಇದರ ಇನ್ನೊಂದು ಮುಖವೂ ಇದೆ. ಗುಜರಾತಿನ 2002ರ ಗಲಭೆಯಲ್ಲಿ ನಡೆದ ಕೊಲೆಗಳ, ಬೆಸ್ಟ್ ಬೇಕರಿ ಪ್ರಕರಣದ 2004ರ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಅಭಿಯೋಜಕರು ಆರೋಪಿಗಳ ವಕೀಲರಂತೆ ನಡೆದುಕೊಂಡರೆಂದು ಕಟುವಾಗಿ ಟೀಕಿಸಿ ಮರುವಿಚಾರಣೆಗೆ ಆದೇಶಿಸಿತು. ಅತ್ತ ಪೊಲೀಸರ ಕಡೆಗೂ ವಾಲದೆ, ಇತ್ತ ಆರೋಪಿಯ ಕಡೆಗೂ ಜಾರದೆ ನಿಲ್ಲಬೇಕಾದ ಜಾಗ ಇದು.

ಈ ಜಾಗ ಒಮ್ಮೆಗೇ ದೊರಕಿದ್ದಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ, ಎಂದರೆ ಅಪರಾಧ ಮೊಕದ್ದಮೆಗಳನ್ನು ನಡೆಸುವ ಕ್ರಮವನ್ನು ಹೇಳುವ ಕಾನೂನಿನ, ಕಾಲದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಬಹಳಷ್ಟು ಮೊಕದ್ದಮೆಗಳನ್ನು ಪೊಲೀಸ್ ಅಧಿಕಾರಿಗಳೇ ನಡೆಸುತ್ತಿದ್ದರು. ತನಿಖೆ ಮಾಡಿದ ಇಲಾಖೆಯೇ ಆ ತನಿಖೆಯ ಬಲಾಬಲವನ್ನು ನ್ಯಾಯಾಲಯದಲ್ಲಿ ತೂಗಿ ಹೇಳಬೇಕಾದ ವ್ಯವಸ್ಥೆ ಅದು. ಇವೆರಡನ್ನೂ ಬೇರ್ಪಡಿಸಬೇಕೆಂದು ಕಾನೂನು ಆಯೋಗ 1958ರ ತನ್ನ ಹದಿನಾಲ್ಕನೆಯ ವರದಿಯಲ್ಲಿ ಶಿಫಾರಸು ಮಾಡಿತು. 1973ರ ಸಂಹಿತೆ, ಪೊಲೀಸ್ ಅಧಿಕಾರಿಯನ್ನು ಸಹಾಯಕ ಅಭಿಯೋಜಕರನ್ನಾಗಿ ನೇಮಿಸಬಾರದೆಂಬ ನಿಯಮವನ್ನು ಹಾಕಿತು. ಆದರೂ ಕೆಲವು ರಾಜ್ಯಗಳಲ್ಲಿ ಅಭಿಯೋಜಕರು ಪೊಲೀಸ್ ಇಲಾಖೆಯ ಹಿಡಿತದಲ್ಲೇ ಉಳಿದಿದ್ದರಿಂದ, ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಅವರಿಗೆ ಪ್ರತ್ಯೇಕ ವೃಂದವನ್ನು ರಚಿಸುವಂತೆ ಸುಪ್ರೀಂ ಕೋರ್ಟು 1995ರಲ್ಲಿ ನಿರ್ದೇಶಿಸಬೇಕಾಯಿತು. ಅಭಿಯೋಜನಾ ನಿರ್ದೇಶನಾಲಯ ಎಂಬ ಏರ್ಪಾಡು ಸಂಹಿತೆಯೊಳಗೆ ಸೇರಿದ್ದು 2005ರ ತಿದ್ದುಪಡಿಯಿಂದ. ಈಗ, 2024ರ ಜುಲೈ 1ರಿಂದ, ಆ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18, 19 ಮತ್ತು 20ನೆಯ ಕಲಮುಗಳು ಈ ಹುದ್ದೆಗಳನ್ನು ನಿಯಂತ್ರಿಸುತ್ತಿವೆ.

ಶ್ರೇಣಿಯ ಮೊದಲ ಮೆಟ್ಟಿಲು ಸಹಾಯಕ ಸರ್ಕಾರಿ ಅಭಿಯೋಜಕರದು, ಎಂದರೆ ಎ.ಪಿ.ಪಿ. ಅವರದು. ನಮ್ಮ ರಾಜ್ಯದಲ್ಲಿ ಇವರು ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಗೆ ಸೇರಿದವರು. ಕಾನೂನು ಪದವಿ ಪಡೆದು, ವಕೀಲರಾಗಿ ಕೆಲವು ವರ್ಷ ವೃತ್ತಿ ನಡೆಸಿ, ಸ್ಪರ್ಧಾತ್ಮಕ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆಯಾಗುತ್ತಾರೆ. ನಮ್ಮಲ್ಲಿಯ ಶಾರದಾವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್. ಕಾನೂನು ಕಾಲೇಜುಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರು ನ್ಯಾಯಾಧೀಶರ ಪರೀಕ್ಷೆಯ ಜೊತೆಗೆ ಇದರ ಮೇಲೂ ಒಂದು ಕಣ್ಣಿಟ್ಟಿರುವುದು ಒಳ್ಳೆಯದು. ಹುದ್ದೆಯ ಪೂರ್ಣ ಹೆಸರಿನಲ್ಲಿ ಸಹಾಯಕ ಸರ್ಕಾರಿ ವಕೀಲರು ಎಂಬುದೂ ಸೇರಿದೆ. ಹಾಗಾಗಿ ಹುಣಸೂರಿನಲ್ಲೋ ಮಳವಳ್ಳಿಯಲ್ಲೋ ಇರುವ ಎ.ಪಿ.ಪಿ. ಅವರು ಕಳ್ಳತನದ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ವಿಚಾರಿಸುವುದಲ್ಲದೆ, ಸರ್ಕಾರಿ ಜಮೀನಿನ ಸಿವಿಲ್ ದಾವೆಯಲ್ಲಿ ಸರ್ಕಾರದ ಪರವಾಗಿ ಹಾಜರಾಗಬೇಕಾಗಿ ಬರುವುದೂ ಉಂಟು.

ಅವರ ಬೆಳಗ್ಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಲಾಪ ಆರಂಭವಾಗುವ ಮುನ್ನ ಅವರ ಕೊಠಡಿಯ ಬಾಗಿಲಲ್ಲಿ ಠಾಣೆಗಳಿಂದ ಬಂದ ಕೋರ್ಟ್ ಪೇದೆಗಳು ಕಡತದ ಕಟ್ಟುಗಳೊಂದಿಗೆ ನಿಂತಿರುತ್ತಾರೆ. ಅಂದು ಮಹಜರು ಸಾಕ್ಷಿಯಾಗಿ, ಎಂದರೆ ಪೊಲೀಸರು ವಸ್ತು ವಶಪಡಿಸಿಕೊಂಡದ್ದಕ್ಕೆ ರುಜು ಹಾಕಿದವರಾಗಿ, ಬಂದವರು ಹೆಗ್ಗಡದೇವನಕೋಟೆ ಕಡೆಯ ಒಬ್ಬ ರೈತರು ಎಂದುಕೊಳ್ಳಿ. ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದಿದ್ದಾರೆ. ಘಟನೆ ನಡೆದು ವರ್ಷಗಳೇ ಆಗಿವೆ. ಈ ನಡುವೆ ಆರೋಪಿಯ ಮನೆಯವರಿಗೂ ಇವರಿಗೂ ಬೀಗತನ ಬೆಳೆದಿರಬಹುದು, ಇಲ್ಲವೇ ಊರಿನ ಹಿರಿಯರು ಕುಳಿತು ರಾಜಿ ಮಾಡಿಸಿರಬಹುದು. ಕಟಕಟೆ ಹತ್ತಿದ ಸಾಕ್ಷಿ, "ಸ್ವಾಮಿ, ನಾನು ಏನೂ ನೋಡಿಲ್ಲ, ಪೊಲೀಸಿನವರು ರುಜು ಹಾಕು ಅಂದರು, ಹಾಕಿದೆ" ಎನ್ನುತ್ತಾರೆ. ಅಭಿಯೋಜಕರು ಸಾಕ್ಷಿಯನ್ನು ಪ್ರತಿಕೂಲವೆಂದು, ಎಂದರೆ ತಮಗೇ ತಿರುಗಿಬಿದ್ದವರೆಂದು, ಪರಿಗಣಿಸಿ, ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಂತೆ ಪಾಟೀ ಸವಾಲು ಮಾಡಲು ಅನುಮತಿ ಕೋರುತ್ತಾರೆ. ಇಂಥ ದಿನ, ಇಂಥ ಸ್ಥಳದಲ್ಲಿ, ನಿಮ್ಮ ಎದುರಿಗೇ ಈ ವಸ್ತುವನ್ನು ವಶಪಡಿಸಿಕೊಂಡರು ಎಂದು ಒಂದೊಂದಾಗಿ ಸೂಚಿಸುತ್ತ ಹೋಗುತ್ತಾರೆ. ಒಂದೊಂದಕ್ಕೂ "ಎಂದರೆ ಸರಿಯಲ್ಲ" ಎಂಬ ಉತ್ತರ ದಾಖಲಾಗುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುವ ಈ ಪಾಟೀ ಸವಾಲಿನಿಂದ ಪ್ರಯೋಜನವಾಗುವುದು ಅಪರೂಪವಾದರೂ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಈಗಿನ ನುಡಿಗೂ ಇರುವ ವಿರೋಧವನ್ನು ಕ್ರಮಬದ್ಧವಾಗಿ ಗುರುತು ಮಾಡಿಸದಿದ್ದರೆ ಮುಂದೆ ಮೇಲ್ಮನವಿಯಲ್ಲಿ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಇಂಥ ದಿನ ಆರೋಪಿಯ ವಕೀಲನಾಗಿ ನನ್ನ ಕೆಲಸ "ಪಾಟೀ ಸವಾಲು ಇಲ್ಲ" ಎಂದು ಹೇಳಿ ಕುಳಿತುಕೊಳ್ಳುವುದಷ್ಟೆ. ಶ್ರಮವೆಲ್ಲ ಆಚೆಯವರದು, ಅದೂ ದಿನದ ಪಟ್ಟಿಯಲ್ಲಿ ಇನ್ನೂ ಹತ್ತಾರು ಪ್ರಕರಣಗಳು ಕಾಯುತ್ತಿರುವಾಗ.

ಇಲ್ಲಿ ಒಂದು ಸೂಕ್ಷ್ಮವಿದೆ. ತನಿಖೆಯ ಲೋಪಕ್ಕೆ ಅಭಿಯೋಜಕರು ಹೊಣೆಗಾರರಲ್ಲ, ತನಿಖೆಯನ್ನು ನಡೆಸುವ ಅಧಿಕಾರವೂ ಅವರಿಗಿಲ್ಲ. ದೋಷಾರೋಪ ಪಟ್ಟಿ ಸಲ್ಲಿಸುವ ಮೊದಲು ಅಭಿಯೋಜಕರ ಅಭಿಪ್ರಾಯ ಪಡೆಯಲೇಬೇಕೆಂದು ತನಿಖಾಧಿಕಾರಿಯನ್ನು ಕಟ್ಟಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪಿತ್ತಿದೆ. ತನಿಖಾಧಿಕಾರಿ ಸಲಹೆ ಕೇಳಬಹುದು, ಅಷ್ಟೆ. ಆದರೆ ಖುಲಾಸೆಯಾದಾಗ ಊರಿನವರು ಬೊಟ್ಟು ಮಾಡುವುದು ಅಭಿಯೋಜಕರ ಕಡೆಗೇ.

ಎ.ಪಿ.ಪಿ. ಆದವರು ಮುಂದೆ ಹಿರಿಯ ಸಹಾಯಕ ಸರ್ಕಾರಿ ಅಭಿಯೋಜಕರಾಗುತ್ತಾರೆ, ಅಲ್ಲಿಂದ ಸರ್ಕಾರಿ ಅಭಿಯೋಜಕರಾಗುತ್ತಾರೆ. ಕೊಲೆ, ಅತ್ಯಾಚಾರ, ದರೋಡೆಯಂಥ ಗಂಭೀರ ಆರೋಪಗಳು ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆಗೆ ಬರುತ್ತವೆ. ಅಲ್ಲಿ ಮೊಕದ್ದಮೆ ನಡೆಸಬೇಕಾದವರು ಸರ್ಕಾರಿ ಅಭಿಯೋಜಕರೇ ಎಂಬುದು ಸಂಹಿತೆಯ ಕಟ್ಟಳೆ. ಈ ಹುದ್ದೆಗೆ ಕಾನೂನು ಎರಡು ದಾರಿಗಳನ್ನು ತೆರೆದಿಟ್ಟಿದೆ. ಒಂದು, ಕನಿಷ್ಠ ಏಳು ವರ್ಷ ವಕೀಲಿ ನಡೆಸಿದವರ ಪಟ್ಟಿಯನ್ನು ಜಿಲ್ಲಾ ದಂಡಾಧಿಕಾರಿಗಳು ಸೆಷನ್ಸ್ ನ್ಯಾಯಾಧೀಶರೊಂದಿಗೆ ಸಮಾಲೋಚಿಸಿ ಸಿದ್ಧಪಡಿಸಿ, ಅದರಿಂದ ಸರ್ಕಾರ ನೇಮಿಸುವುದು. ಇನ್ನೊಂದು, ಅಭಿಯೋಜಕರ ಖಾಯಂ ವೃಂದವಿರುವ ಕಡೆ ಆ ವೃಂದದಿಂದಲೇ ಆರಿಸುವುದು. ಮೊದಲನೆಯ ದಾರಿಯಲ್ಲಿ ಸರ್ಕಾರ ಬದಲಾದಂತೆ ಅಭಿಯೋಜಕರೂ ಬದಲಾಗುವ ಅಪಾಯವಿದೆ. ಎರಡನೆಯದರಲ್ಲಿ ಬಡ್ತಿ ಮತ್ತು ವರ್ಗಾವಣೆಯ ಚಿಂತೆಯಿದ್ದರೂ ಅನುಭವ ವ್ಯರ್ಥವಾಗುವುದಿಲ್ಲ. ನನ್ನ ಒಲವು ಎರಡನೆಯದರ ಕಡೆಗೇ. ತಾಲ್ಲೂಕಿನಲ್ಲಿ ನೂರಾರು ಪ್ರತಿಕೂಲ ಸಾಕ್ಷಿಗಳನ್ನು ಕಂಡವರು ಸೆಷನ್ಸ್ ನ್ಯಾಯಾಲಯದಲ್ಲಿ ವೈದ್ಯರನ್ನೂ ನ್ಯಾಯವಿಜ್ಞಾನ ಪ್ರಯೋಗಾಲಯದ ತಜ್ಞರನ್ನೂ ವಿಚಾರಿಸುವ ಬಗೆಯೇ ಬೇರೆ.

ವಿಶೇಷ ಪ್ರಕರಣಗಳಿಗೆ ಹತ್ತು ವರ್ಷ ವಕೀಲಿ ನಡೆಸಿದವರನ್ನು ವಿಶೇಷ ಅಭಿಯೋಜಕರನ್ನಾಗಿ ನೇಮಿಸಬಹುದು. ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ರಾಜ್ಯ ಸರ್ಕಾರಿ ಅಭಿಯೋಜಕರು, ಅಂದರೆ ಎಸ್.ಪಿ.ಪಿ., ಅವರ ಜೊತೆಗೆ ಹೆಚ್ಚುವರಿ ಅಭಿಯೋಜಕರು ಮತ್ತು ಉಚ್ಚ ನ್ಯಾಯಾಲಯದ ಸರ್ಕಾರಿ ವಕೀಲರು ಇರುತ್ತಾರೆ. ಆಡಳಿತದ ಕಡೆಯಿಂದ ನೋಡಿದರೆ ಮೇಲಿರುವವರು ಉಪನಿರ್ದೇಶಕರು ಮತ್ತು ನಿರ್ದೇಶಕರು. ಹೊಸ ಸಂಹಿತೆ ಇವರಿಗೆ ಮೇಲ್ವಿಚಾರಣೆಯ ಪಾಲನ್ನು ಹಂಚಿಕೊಟ್ಟಿದೆ. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ, ಜೀವಾವಧಿಯ ಮತ್ತು ಮರಣದಂಡನೆಯ ಪ್ರಕರಣಗಳ ಪ್ರಗತಿಯನ್ನು ನಿರ್ದೇಶಕರು ಗಮನಿಸಬೇಕು. ಏಳರಿಂದ ಹತ್ತು ವರ್ಷದೊಳಗಿನವು ಉಪನಿರ್ದೇಶಕರಿಗೆ, ಏಳಕ್ಕಿಂತ ಕಡಿಮೆಯವು ಸಹಾಯಕ ನಿರ್ದೇಶಕರಿಗೆ. ನಿರ್ದೇಶಕ ಹಾಗೂ ಉಪನಿರ್ದೇಶಕ ಹುದ್ದೆಗೆ ಹದಿನೈದು ವರ್ಷದ ವಕೀಲಿ ಬೇಕು, ಅಥವಾ ಸೆಷನ್ಸ್ ನ್ಯಾಯಾಧೀಶರಾಗಿರಬೇಕು. ಈ ನಿರ್ದೇಶನಾಲಯವನ್ನು ಸಂಹಿತೆ ಇರಿಸಿರುವುದು ರಾಜ್ಯದ ಗೃಹ ಇಲಾಖೆಯ ಆಡಳಿತದ ಅಡಿಯಲ್ಲಿ. ಪೊಲೀಸರೂ ಅದೇ ಇಲಾಖೆಯ ಅಡಿಯಲ್ಲಿರುವಾಗ ಬೇರ್ಪಡೆ ಪೂರ್ತಿಯಾಗಿದೆ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಶ್ರೇಣಿಯಿಂದ ಹೊರಕ್ಕೂ ಒಂದು ಬಾಗಿಲಿದೆ. ಅಭಿಯೋಜಕರಾಗಿ ನ್ಯಾಯಾಲಯದಲ್ಲಿ ವಾದಿಸಿದ ಅವಧಿಯೂ ವಕೀಲಿಯೇ ಆದ್ದರಿಂದ ಅವರು ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಹರು ಎಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಮಾನಿಸಿತು.

ಅಭಿಯೋಜಕರ ಸ್ವಾತಂತ್ರ್ಯ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಮೊಕದ್ದಮೆಯನ್ನು ಹಿಂದಕ್ಕೆ ಪಡೆಯುವ ಸಂದರ್ಭದಲ್ಲಿ. ಚಳವಳಿಗಳ ಕಾಲದಲ್ಲಿ ದಾಖಲಾದ ಪ್ರಕರಣಗಳನ್ನು ಸರ್ಕಾರ ವಾಪಸು ಪಡೆಯಿತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಕಾವೇರಿ ಕಣಿವೆಯ ನಮಗೆ ಇದು ಹೊಸ ಸುದ್ದಿಯೇನಲ್ಲ. ಆದರೆ ಕಾನೂನಿನ ಪ್ರಕಾರ ಸರ್ಕಾರ ಕೋರಬಹುದು, ಅರ್ಜಿ ಹಾಕಬೇಕಾದವರು ಅಭಿಯೋಜಕರು, ಒಪ್ಪಿಗೆ ಕೊಡಬೇಕಾದದ್ದು ನ್ಯಾಯಾಲಯ. ಅಭಿಯೋಜಕರು ಕಡತವನ್ನು ಓದಿ ಸ್ವಂತ ವಿವೇಚನೆಯಿಂದ ತೀರ್ಮಾನಿಸಬೇಕೇ ಹೊರತು ಮೇಲಿನಿಂದ ಬಂದ ಪತ್ರಕ್ಕೆ ಅಂಚೆಯವರಾಗಬಾರದು. ಸಂಸದರು, ಶಾಸಕರ ಮೇಲಿನ ಪ್ರಕರಣಗಳನ್ನು ಉಚ್ಚ ನ್ಯಾಯಾಲಯದ ಅನುಮತಿಯಿಲ್ಲದೆ ಹಿಂಪಡೆಯಕೂಡದೆಂದು 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ನೊಂದವರ ಅಹವಾಲು ಕೇಳದೆ ಇಂಥ ಒಪ್ಪಿಗೆ ನೀಡುವಂತಿಲ್ಲ ಎಂಬುದನ್ನು ಹೊಸ ಸಂಹಿತೆಯ 360ನೆಯ ಕಲಮು ಸೇರಿಸಿದೆ. ವರ್ಗಾವಣೆಯ ಭಯವಿರುವ ಒಬ್ಬ ನೌಕರರಿಂದ ಇಂಥ ವಿವೇಚನೆಯನ್ನು ನಿರೀಕ್ಷಿಸುವ ಕಾನೂನು, ಅದಕ್ಕೆ ತಕ್ಕ ಸೇವಾಭದ್ರತೆಯನ್ನೂ ಕೊಡಬೇಕಾಗಿತ್ತು.

ಕೊನೆಯದಾಗಿ, ಕೇಳುಗರಲ್ಲಿ ನೊಂದವರ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾಗುವ ಎರಡು ವಿಷಯಗಳು. ನೀವು ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಅವರು ಅಭಿಯೋಜಕರ ನಿರ್ದೇಶನದಂತೆ ನಡೆಯಬೇಕು. ಸಾಕ್ಷ್ಯ ಮುಗಿದ ಬಳಿಕ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದವನ್ನು ಸಲ್ಲಿಸಬಹುದು. ಆರೋಪಿ ಖುಲಾಸೆಯಾದರೆ, ಸರ್ಕಾರ ಮೇಲ್ಮನವಿ ಹೂಡಲಿ ಬಿಡಲಿ, ನೊಂದವರೇ ಮೇಲ್ಮನವಿ ಸಲ್ಲಿಸುವ ಹಕ್ಕು 2009ರ ಕೊನೆಯಿಂದ ಜಾರಿಯಲ್ಲಿದೆ. ತೀರ್ಪಿನ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ, ಏಕೆಂದರೆ ಮೇಲ್ಮನವಿಗೆ ಕಾಲಮಿತಿಯಿದೆ.

ನಮಸ್ಕಾರ.