ಕೊಸರು ಈಗ ನಾವೇ ಹಾಕಬೇಕು

ಮೊನ್ನೆ ಶುಕ್ರವಾರ ನಮ್ಮ ಬೀದಿ ಕೊನೆಯ ಹೂವಿನ ಅಜ್ಜಿ ಹತ್ತಿರ ಎರಡು ಮೊಳ ಮಲ್ಲಿಗೆ ತೆಗೆದುಕೊಂಡೆ. ಅಜ್ಜಿ ಮೊಣಕೈಯಿಂದ ಬೆರಳ ತುದಿವರೆಗೆ ಎರಡು ಸಲ ಅಳೆದರು. ಆದರೆ ಅಲ್ಲಿಗೇ ಕತ್ತರಿಸಲಿಲ್ಲ. ಇನ್ನೊಂದು ಗೇಣು ಬಿಟ್ಟು ದಾರ ತುಂಡು ಮಾಡಿದರು. ನಾನು ಕೇಳಿರಲಿಲ್ಲ. ಅವರೂ ಏನೂ ಹೇಳಲಿಲ್ಲ. ಅದಕ್ಕೆ ನಮ್ಮ ಕಡೆ ಕೊಸರು ಅಂತಾರೆ.

ಅವತ್ತೇ ರಾತ್ರಿ ಅಡುಗೆ ಮಾಡುವುದಕ್ಕೆ ಬೇಜಾರು. ಫೋನಿನಲ್ಲಿ ಎರಡು ಮಸಾಲೆ ದೋಸೆ ಆರ್ಡರ್ ಮಾಡಿದೆ. ದೋಸೆ ರೇಟು ನೋಡಿದಾಗ ಪರವಾಗಿಲ್ಲ ಅನಿಸಿತು. ಆಮೇಲೆ ದುಡ್ಡು ಕಟ್ಟುವ ಜಾಗಕ್ಕೆ ಬಂದೆ ನೋಡಿ, ಅಲ್ಲಿ ಒಂದು ಮೆರವಣಿಗೆಯೇ ನಿಂತಿತ್ತು. ಪ್ಯಾಕಿಂಗ್ ಚಾರ್ಜ್. ಡೆಲಿವರಿ ಫೀ. ಪ್ಲಾಟ್‌ಫಾರ್ಮ್ ಫೀ. ಹೊರಗೆ ನಾಲ್ಕು ಹನಿ ಬಿದ್ದಿತ್ತು, ಅದಕ್ಕೆ ಮಳೆ ಫೀ. ಎಲ್ಲರ ಹಿಂದೆ ಕೊಡೆ ಹಿಡಿದುಕೊಂಡು ಜಿಎಸ್‌ಟಿ. ಮಳೆ ಬರಲಿ ಅಂತ ಕತ್ತೆಗೆ ಮದುವೆ ಮಾಡಿಸುವ ನಾಡು ನಮ್ಮದು. ಬಂದ ಮಳೆಗೆ ದಂಡ ಕಟ್ಟಿದ್ದು ಇದೇ ಮೊದಲು.

ಕೊಸರು ಹೋಯ್ತು, ಕಾಲ ಕೆಟ್ಟೋಯ್ತು ಅಂತ ನಮ್ಮ ದೊಡ್ಡವರು ಹೇಳುತ್ತಿರುತ್ತಾರೆ ಅಲ್ವಾ? ಎಲ್ಲಿ ಹೋಗಿದೆ? ಇಲ್ಲೇ ಇದೆ. ಮೊದಲು ಮಾರುವವರು ಹಾಕುತ್ತಿದ್ದರು, ಈಗ ಕೊಳ್ಳುವವರು ಹಾಕುತ್ತಿದ್ದೇವೆ.

ಈ ಪ್ಲಾಟ್‌ಫಾರ್ಮ್ ಫೀ ಅನ್ನುವುದನ್ನೇ ತೆಗೆದುಕೊಳ್ಳಿ. ಸ್ವಿಗ್ಗಿ, ಜೊಮ್ಯಾಟೊ ಎರಡೂ ಇದನ್ನು ಶುರು ಮಾಡಿದ್ದು 2023ರಲ್ಲಿ. ಆಗ ಒಂದು ಆರ್ಡರ್‌ಗೆ 2 ರೂಪಾಯಿ. ಎರಡು ರೂಪಾಯಿಗೆ ಯಾರು ಜಗಳ ಆಡುತ್ತಾರೆ ಹೇಳಿ? ನಾವೂ ಆಡಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು 10 ದಾಟಿತ್ತು. ಈ ದುಡ್ಡು ಮಳೆಯಲ್ಲಿ ನೆನೆದುಕೊಂಡು ಬರುವ ಹುಡುಗನಿಗೆ ಅಂದುಕೊಂಡಿದ್ದರೆ, ಅದೂ ಅಲ್ಲ. ಅದು ಕಂಪನಿಗೆ. ರೈಲ್ವೆಯವರೂ ಪ್ಲಾಟ್‌ಫಾರ್ಮ್ ಟಿಕೆಟ್ ಅಂತ 10 ರೂಪಾಯಿ ತೆಗೆದುಕೊಳ್ಳುತ್ತಾರೆ. ಆದರೆ ಅಲ್ಲಿ ನಿಜವಾಗಿಯೂ ಒಂದು ಪ್ಲಾಟ್‌ಫಾರ್ಮ್ ಇರುತ್ತದೆ. ಬೆಂಚು, ಫ್ಯಾನು, ಮಲಗಿದ ನಾಯಿ ಎಲ್ಲ ಇರುತ್ತದೆ. ಎರಡು ಗಂಟೆ ಕೂರಬಹುದು.

ರೈಲಿನ ಮಾತು ಬಂತಲ್ಲ, ಕನ್ವೀನಿಯನ್ಸ್ ಫೀ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸ್ಟೇಷನ್ನಿನ ಕೌಂಟರಿಗೆ ಹೋದರೆ ಅಲ್ಲಿ ಕಟ್ಟಡ ಇದೆ, ಕರೆಂಟ್ ಇದೆ, ಸಂಬಳ ಪಡೆಯುವ ಗುಮಾಸ್ತರು ಇದ್ದಾರೆ. ನನ್ನ ಫಾರಂ ನೋಡಿ ಅವರೇ ಟೈಪ್ ಮಾಡಿಕೊಡುತ್ತಾರೆ. ಇದಕ್ಕೆ ಕನ್ವೀನಿಯನ್ಸ್ ಫೀ ಇಲ್ಲ. ಐಆರ್‌ಸಿಟಿಸಿಗೆ ಹೋದರೆ ಗುಮಾಸ್ತ ನಾನೇ. ನನ್ನ ಕರೆಂಟು, ನನ್ನ ಇಂಟರ್‌ನೆಟ್ಟು. ಹೆಸರು, ವಯಸ್ಸು, ಲೋಯರ್ ಬರ್ತ್ ಎಲ್ಲ ನಾನೇ ತುಂಬಿಸಿ, ಸೊಟ್ಟಪಟ್ಟ ಅಕ್ಷರ ಓದಿ ನಾನು ಮನುಷ್ಯನೇ ಅಂತ ಸಾಬೀತು ಮಾಡಿ, ಕೊನೆಗೆ ಅನುಕೂಲ ಆಯಿತು ಅಂತ ಫೀ ಕಟ್ಟಬೇಕು. 2016ರ ನವೆಂಬರ್‌ನಲ್ಲಿ ನೋಟ್ ಬ್ಯಾನ್ ಆದಾಗ ಜನ ಆನ್‌ಲೈನಿಗೆ ಬರಲಿ ಅಂತ ಈ ಶುಲ್ಕ ತೆಗೆದಿದ್ದರು. ಜನ ಬಂದರು. ರೂಢಿಯೂ ಆಯಿತು. 2019ರ ಸೆಪ್ಟೆಂಬರ್ 1ರಿಂದ ಮತ್ತೆ ಹಾಕಿದರು. ಎಸಿ ಅಲ್ಲದ ಬೋಗಿಗೆ 15, ಎಸಿಗೆ 30 ರೂಪಾಯಿ. ಯುಪಿಐನಲ್ಲಿ ಕಟ್ಟಿದರೆ 10 ಮತ್ತು 20. ಅದರ ಮೇಲೆ ಜಿಎಸ್‌ಟಿ. ಆ 30 ಕೊನೆಗೆ 35 ರೂಪಾಯಿ 40 ಪೈಸೆ ಆಗುತ್ತದೆ. ನಲವತ್ತು ಪೈಸೆ ಕಣ್ಣಲ್ಲಿ ನೋಡಿ ಎಷ್ಟು ವರ್ಷ ಆಯಿತೋ!

ಇನ್ನು ಆಟೊ. ಇಲ್ಲಿ ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ ಮೀಟರ್ ದರ 36 ರೂಪಾಯಿ. ದೋಸೆ ತರಿಸಿದ ಅದೇ ದಿನ ಬೆಳಿಗ್ಗೆ ಒಬ್ಬ ಆಟೊದವರು "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್" ಅಂದಿದ್ದರು. ನಾನು ಕಾನೂನು ಹೇಳಿದೆ, ನ್ಯಾಯ ಹೇಳಿದೆ, ಕೊನೆಗೆ ನಾನು ಇಲ್ಲೇ ಹುಟ್ಟಿ ಬೆಳೆದವನು ಅಂತಾನೂ ಹೇಳಿದೆ. ಹತ್ತಕ್ಕೆ ಇಳಿಸಿ ಗೆದ್ದ ಖುಷಿಯಲ್ಲಿ ಹತ್ತಿದೆ. ರಾತ್ರಿ ದೋಸೆಗೆ ಅದರ ಏಳೆಂಟು ಪಟ್ಟು ಹೆಚ್ಚಿಗೆ ಕಟ್ಟಿದೆನಲ್ಲ, ಆಗ ತುಟಿ ಪಿಟಕ್ ಅನ್ನಲಿಲ್ಲ. ಯಾರ ಹತ್ತಿರ ಅನ್ನಲಿ? ಚೌಕಾಸಿ ಮಾಡುವುದಕ್ಕೆ ಎದುರಿಗೆ ಒಂದು ಮುಖ ಬೇಕು.

ತಮಾಷೆ ಅಂದರೆ, ಆಟೊದವರ ಆ "ಮೇಲೆ ಇಪ್ಪತ್ತು" ಆ್ಯಪ್ ಒಳಗೂ ಬಂದಿತ್ತು. ಹೆಸರು ಮಾತ್ರ ಅಡ್ವಾನ್ಸ್ ಟಿಪ್. ಗಾಡಿ ಇನ್ನೂ ಹೊರಟೇ ಇರುತ್ತಿರಲಿಲ್ಲ, ಸೇವೆ ಚೆನ್ನಾಗಿತ್ತು ಅಂತ ಬಕ್ಷೀಸು ಕೊಡಬೇಕಿತ್ತು. 2025ರ ಮೇ ತಿಂಗಳಲ್ಲಿ ಈ ವಿಷಯಕ್ಕೆ ಊಬರ್‌ಗೆ ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ನೋಟಿಸ್ ಹೋಯಿತು. ಇದು ಸರಿಯಲ್ಲ ಅಂತ ಹೇಳಿದ ಕೇಂದ್ರ ಸಚಿವರು ನಮ್ಮ ಧಾರವಾಡದ ಪ್ರಲ್ಹಾದ ಜೋಶಿ. ಅದಕ್ಕೂ ಮುಂಚೆ, 2023ರ ನವೆಂಬರ್‌ನಲ್ಲೇ, ಇದೇ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳ 13 ಬಗೆಯ ಕಳ್ಳಾಟಗಳನ್ನು ಹೆಸರಿಟ್ಟು ನಿಷೇಧಿಸಿತ್ತು. ಮೊದಲು ಕಡಿಮೆ ರೇಟು ತೋರಿಸಿ, ಆಮೇಲೆ ಒಂದೊಂದೇ ಚಾರ್ಜು ಹನಿಸುವುದೂ ಅದರಲ್ಲಿದೆ. ಅದರ ಹೆಸರು ಡ್ರಿಪ್ ಪ್ರೈಸಿಂಗ್. ಕೋಲಾರದ ರೈತರು ಡ್ರಿಪ್ ಹಾಕುವುದು ನೀರು ಉಳಿಸುವುದಕ್ಕೆ. ಇವರು ಹಾಕಿದ ಪೈಪು ನಮ್ಮ ಜೇಬಿನಿಂದ ಹೊರಡುತ್ತದೆ.

ಜಗಳ ಆಡಿದವರು ಇಲ್ಲ ಅಂತಲ್ಲ. 2019ರಲ್ಲಿ ಚಂಡೀಗಡದ ಒಬ್ಬರು, ಬಾಟಾ ಅಂಗಡಿಯವರು ಚೀಲಕ್ಕೆ 3 ರೂಪಾಯಿ ಹಾಕಿದರು ಅಂತ ಗ್ರಾಹಕ ವೇದಿಕೆಗೆ ಹೋದರು. ಚೀಲದ ಮೇಲೆ ಕಂಪನಿಯದೇ ಜಾಹೀರಾತು. ಅದನ್ನು ಹೊರುವ ಕೆಲಸ ನಮ್ಮದು, ದುಡ್ಡೂ ನಮ್ಮದೇ. ಕಂಪನಿ 9000 ರೂಪಾಯಿ ಕಟ್ಟಬೇಕು ಅಂತ ಆದೇಶ ಆಯಿತು. ಆ ಪುಣ್ಯಾತ್ಮರ ತಾಳ್ಮೆಗೆ ಕೈ ಮುಗಿಯಬೇಕು.

ನನಗೆ ಇನ್ನೂ ಇಷ್ಟವಾಗಿದ್ದು ಮುಂಬೈ ಕಡೆಯ ಒಬ್ಬ ತಾಯಿಯ ಕಥೆ. 2024ರಲ್ಲಿ ಬ್ಲಿಂಕಿಟ್ ಅನ್ನುವ ದಿನಸಿ ಆ್ಯಪ್‌ನಲ್ಲಿ ಕೊತ್ತಂಬರಿ ಸೊಪ್ಪಿಗೂ ದುಡ್ಡು ಅಂತ ನೋಡಿ ಅವರಿಗೆ ಎದೆ ಧಸಕ್ ಅಂದಿತಂತೆ. ಮಗ ಅದನ್ನು ಎಕ್ಸ್‌ನಲ್ಲಿ ಬರೆದ. ಕಂಪನಿಯ ಮುಖ್ಯಸ್ಥರೇ ನೋಡಿ, ತರಕಾರಿ ಜೊತೆ ಕೊತ್ತಂಬರಿ ಉಚಿತವಾಗಿ ಕೊಡಲು ಶುರು ಮಾಡಿದರು. ನೂರಾರು ಇಂಜಿನಿಯರುಗಳಿಗೆ ಹೊಳೆಯದ ಕೊಸರನ್ನು ಒಬ್ಬ ತಾಯಿ ಮನೆಯಲ್ಲೇ ಕೂತು ಹಾಕಿಸಿದರು.

ಹೂವಿನ ಅಜ್ಜಿ ಹತ್ತಿರ ನಿನ್ನೆ ಮತ್ತೆ ಹೋಗಿದ್ದೆ. ಅವರೂ ಈಗ ಸ್ಕ್ಯಾನರ್ ಇಟ್ಟಿದ್ದಾರೆ. ಪಕ್ಕದಲ್ಲಿ ದುಡ್ಡು ಬಂತು ಅಂತ ಕೂಗುವ ಒಂದು ಡಬ್ಬಿ. ನಾನು ಕಟ್ಟಿದೆ, ಡಬ್ಬಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿತು. ಚೆನ್ನಾಗಿದೆಯಲ್ಲ ಅಜ್ಜಿ ಅಂದೆ. ಅಜ್ಜಿ ಒಂದು ಗೇಣು ಜಾಸ್ತಿ ಬಿಟ್ಟು ದಾರ ತುಂಡು ಮಾಡುತ್ತಾ ಹೇಳಿದರು: "ತಿಂಗ್ಳಾ ತಿಂಗ್ಳಾ ಇದಕ್ಕೆ ಬಾಡಿಗೆ ಕಟ್ ಆಗ್ತದೆ ಕಣಪ್ಪ. ಆವಾಗ ಮಾತ್ರ ಕೂಗಲ್ಲ ನೋಡು."